ನ್ಯುಮೋಕಾಕಸ್: ಮದ್ದಿದೆ, ಲಸಿಕೆಯಿದೆ, ಮತ್ಯಾಕೆ ಮಕ್ಕಳು ಸಾಯ್ತಾರೆ?

ಅಮೆರಿಕದ ಮಕ್ಕಳಿಗೆ 2000ದಲ್ಲಿ ಸಿಕ್ಕ ಲಸಿಕೆ ನಮ್ಮ ಅಂಗನವಾಡಿಗಳಿಗೆ ಬರಲು 21 ವರ್ಷ ಬೇಕಾಯಿತು. ಆ 21 ವರ್ಷಗಳಲ್ಲಿ ವಿಜ್ಞಾನದಷ್ಟೇ ಬೆಲೆ, ಪೇಟೆಂಟ್ ಮತ್ತು ಬಜೆಟ್‌ಗಳೂ ಕೆಲಸ ಮಾಡಿದವು.

2016ರಲ್ಲಿ ನಮ್ಮಕ್ಕನಿಗೆ ಮಗಳು ಹುಟ್ಟಿದಾಗ ನಾನಿನ್ನೂ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೋಡ್ ಬರೀತಿದ್ದೆ. ಮಗುವಿಗೆ ಆರು ವಾರ ತುಂಬಿದಾಗ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ ದಿನ ನಾನೂ ಜೊತೆಗಿದ್ದೆ. ಡಾಕ್ಟರ್ ಒಂದು ಬಣ್ಣದ ಪುಸ್ತಕ ತೆರೆದು ಎರಡು ಪಟ್ಟಿ ತೋರಿಸಿದರು. ಒಂದರ ಮೇಲೆ 'ಕಡ್ಡಾಯ' ಅಂತ ಇತ್ತು, ಇನ್ನೊಂದರ ಮೇಲೆ 'ಆಪ್ಷನಲ್'. ನ್ಯುಮೋಕಾಕಲ್ ಲಸಿಕೆ ಎರಡನೇ ಪಟ್ಟಿಯಲ್ಲಿತ್ತು. ಒಂದು ಡೋಸಿಗೆ ಮೂರು ಸಾವಿರದ ಮೇಲೆ.

"ಆಪ್ಷನಲ್ ಅಂದ್ರೆ ಬೇಕಾಗಿಲ್ಲ ಅಂತಾನಾ ಡಾಕ್ಟ್ರೇ?" ಅಂತ ಅಮ್ಮ ಕೇಳಿದರು.

"ಬೇಕಮ್ಮಾ, ಹಾಕ್ಸಿದ್ರೆ ಒಳ್ಳೇದೇ. ಗವರ್ಮೆಂಟ್ ಲಿಸ್ಟಲ್ಲಿ ಇಲ್ಲ, ಅಷ್ಟೇ."

ಭಾವ ಕಾರ್ಡ್ ಉಜ್ಜಿದರು. ಮಗುವಿಗೆ ಸೂಜಿ ಬಿತ್ತು.

ಅಕ್ಕನ ಅಪಾರ್ಟ್‌ಮೆಂಟಿನ ವಾಚ್‌ಮನ್ ಮನೆಯಲ್ಲೂ ಅದೇ ತಿಂಗಳು ಮಗು ಹುಟ್ಟಿತ್ತು. ಯಾದಗಿರಿ ಕಡೆಯವರು. ಆ ಮಗುವಿನ ತಾಯಿ ಒಂದು ದಿನ ಅಕ್ಕನ ಮನೆಯಲ್ಲಿ ಆ ಬಣ್ಣದ ಪುಸ್ತಕ ನೋಡಿ, "ಅಕ್ಕಾರ, ಇದ್ಯಾವ ಸೂಜಿರಿ? ನಮ್ಮ ಕಾರ್ಡಿನ್ಯಾಗ ಇದು ಇಲ್ರಿ" ಅಂದಳು. ಅಕ್ಕನಿಗೆ ಏನು ಹೇಳಬೇಕು ಅಂತ ತೋಚದೆ, "ಅದು ಆಪ್ಷನಲ್ ಅಂತೆ ಕಣಮ್ಮಾ" ಅಂದುಬಿಟ್ಟಳು.

ಆ ಲಸಿಕೆ ತಡೆಯುವ ಕಾಯಿಲೆ ಮಾತ್ರ ಯಾರಿಗೂ ಆಪ್ಷನ್ ಕೊಡುವುದಿಲ್ಲ. ಒಂದು ಅಧ್ಯಯನದ ಅಂದಾಜಿನ ಪ್ರಕಾರ 2015ರ ಒಂದೇ ವರ್ಷದಲ್ಲಿ ಭಾರತದಲ್ಲಿ ಐದು ವರ್ಷದೊಳಗಿನ ಸುಮಾರು 68,700 ಮಕ್ಕಳು ಈ ಒಂದು ಬ್ಯಾಕ್ಟೀರಿಯಾದಿಂದ ಸತ್ತರು. ಇದು ಹೊಸ ವೈರಸ್ ಅಲ್ಲ. ಇದಕ್ಕೆ ಔಷಧ ಸಿಕ್ಕು 80 ವರ್ಷ ದಾಟಿದೆ. ಹಾಗಿದ್ದರೆ ಎಲ್ಲಿ ಎಡವುತ್ತಿದ್ದೇವೆ? ಮೊದಲು ರೋಗಾಣುವಿನಿಂದಲೇ ಶುರು ಮಾಡೋಣ.

ಮೂಗಿನಲ್ಲಿ ಸುಮ್ಮನಿರುವ ರೋಗಾಣು

ಹೆಸರು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ. ರೂಢಿಯಲ್ಲಿ ನ್ಯುಮೋಕಾಕಸ್. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪ್ಯಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್, ಒಬ್ಬರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಇದನ್ನು ಪತ್ತೆ ಮಾಡಿದರು.

ಇದು ಹೆಚ್ಚಿನ ಸಮಯ ಯಾರಿಗೂ ತೊಂದರೆ ಕೊಡದೆ ಮೂಗು, ಗಂಟಲಿನ ಹಿಂಭಾಗದಲ್ಲಿ ಇರುತ್ತದೆ. ಪುಟ್ಟ ಮಕ್ಕಳ ಮೂಗಿನಲ್ಲಂತೂ ಬಹಳ ಸಾಮಾನ್ಯ. ಕೆಮ್ಮು, ಸೀನು, ಮುತ್ತು, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವುದು, ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಒಂದು ಫ್ಲೂ ಬಂದು ಉಸಿರುದಾರಿಯ ಒಳಪದರ ಹಾಳಾದಾಗಲೋ, ಮಗು ಸೊರಗಿದಾಗಲೋ, ಸೌದೆ ಒಲೆಯ ಹೊಗೆ ಕುಡಿದೂ ಕುಡಿದೂ ಶ್ವಾಸಕೋಶ ಸೋತಾಗಲೋ ಅದು ಕೆಳಗಿಳಿಯುತ್ತದೆ.

ಕಿವಿಗೆ ಹೋದರೆ ಕಿವಿ ಸೋರುತ್ತದೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ರಕ್ತಕ್ಕೆ ಸೇರಿದರೆ ಮೈಯೆಲ್ಲ ನಂಜು. ಮಿದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಆದ ಆರು ಜನರಲ್ಲಿ ಒಬ್ಬರು ಸಾಯುತ್ತಾರೆ, ಐದರಲ್ಲಿ ಒಬ್ಬರಿಗೆ ಗಂಭೀರ ಊನ ಉಳಿಯುತ್ತದೆ. ಕಿವಿ ಕೇಳದಂತಾಗುವುದು, ಫಿಟ್ಸ್, ಕಲಿಕೆ ಹಿಂದೆ ಬೀಳುವುದು ಇವೆಲ್ಲ ಅದರಲ್ಲಿ ಸೇರಿವೆ.

ಇದರ ಬಲ ಇರುವುದು ಮೈಮೇಲಿನ ಸಕ್ಕರೆಯ ಕವಚದಲ್ಲಿ. ಉದ್ದುದ್ದ ಸಕ್ಕರೆ ಸರಪಳಿಗಳ ಜಾರುವ ಹೊದಿಕೆ ಅದು. ನಮ್ಮ ರಕ್ತದ ಬಿಳಿಕಣ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಈ ಕವಚದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಗೆ ಹುಟ್ಟಿದ ರೋಗನಿರೋಧಕ ಶಕ್ತಿ ಸಾಮಾನ್ಯವಾಗಿ ಇನ್ನೊಂದಕ್ಕೆ ನಡೆಯುವುದಿಲ್ಲ. ಮುಂದೆ ಲಸಿಕೆಯ ಮಾತು ಬಂದಾಗ ಇದು ಬೇಕಾಗುತ್ತದೆ, ನೆನಪಿರಲಿ.

ಇನ್ನೊಂದು ಸಮಸ್ಯೆ ಇದೆ. ನ್ಯುಮೋಕಾಕಸ್‌ನಿಂದ ಸತ್ತವರ ಮರಣ ಪತ್ರದಲ್ಲಿ 'ನ್ಯುಮೋಕಾಕಸ್' ಅಂತ ಇರುವುದೇ ಅಪರೂಪ. ಶ್ವಾಸಕೋಶದ ಸೋಂಕಿನಲ್ಲಿ ರೋಗಾಣು ರಕ್ತಪರೀಕ್ಷೆಗೆ ಸಿಗುವುದು ಕಡಿಮೆ. ಜೊತೆಗೆ ಆಸ್ಪತ್ರೆಗೆ ಬರುವಷ್ಟರಲ್ಲಿ ಮೆಡಿಕಲ್ ಶಾಪಿನ ಎರಡು ಡೋಸ್ ಆ್ಯಂಟಿಬಯಾಟಿಕ್ ಒಳಗೆ ಹೋಗಿರುತ್ತದೆ, ಆಮೇಲೆ ಲ್ಯಾಬಿನಲ್ಲಿ ಏನೂ ಬೆಳೆಯುವುದಿಲ್ಲ. 'ಜ್ವರ', 'ಉಸಿರಾಟದ ತೊಂದರೆ' ಅಂತ ಬರೆದು ಮುಗಿಸುತ್ತಾರೆ. ಲೆಕ್ಕಕ್ಕೇ ಬಾರದ ಸಾವಿಗೆ ಬಜೆಟ್ಟಿನಲ್ಲಿ ಜಾಗ ಸಿಗುವುದು ಕಷ್ಟ.

ಉಸಿರು ಎಣಿಸಿದರೆ ಅರ್ಧ ಕೆಲಸ ಆಯಿತು

ನ್ಯುಮೋನಿಯಾ ಅಂದ ತಕ್ಷಣ ಎಕ್ಸ್‌ರೇ, ಐಸಿಯು ನೆನಪಾಗುತ್ತದೆ. ಆದರೆ ಮಗುವಿನಲ್ಲಿ ಅದನ್ನು ಹಿಡಿಯಲು ಮೊದಲು ಬೇಕಾದದ್ದು ಒಂದು ಗಡಿಯಾರ ಮತ್ತು ಎಣಿಸುವ ತಾಳ್ಮೆ. ಮಗು ಅಳದೆ ಇರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಕೆಮ್ಮು ಅಥವಾ ಉಸಿರಾಟದ ತೊಂದರೆಯ ಜೊತೆ ಇದು ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು ನೀರು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿಯಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಬೆಳಗಾಗಲಿ ಅಂತ ಕಾಯುವುದಲ್ಲ, ಆಗಲೇ ಆಸ್ಪತ್ರೆ. ಎರಡು ತಿಂಗಳೊಳಗಿನ ಕೂಸಿನಲ್ಲಿ ಬರೀ ವೇಗದ ಉಸಿರು ಕಂಡರೂ ಹಾಗೇ.

ಈ ಎಣಿಕೆಯ ಶಕ್ತಿಯನ್ನು ನಮ್ಮ ದೇಶದಲ್ಲಿ ತೋರಿಸಿಕೊಟ್ಟದ್ದು ದೊಡ್ಡ ಆಸ್ಪತ್ರೆಯಲ್ಲ, ಮಹಾರಾಷ್ಟ್ರದ ಗಡ್‌ಚಿರೋಲಿ. ಕಾಡು, ಆದಿವಾಸಿ ಹಾಡಿಗಳ ಜಿಲ್ಲೆ. ಅಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ 1980ರ ದಶಕದ ಕೊನೆಯಲ್ಲಿ ಊರಿನ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ಉಸಿರು ಎಣಿಸುವುದನ್ನೂ, ಬಾಯಿಗೆ ಕೊಡುವ ಆ್ಯಂಟಿಬಯಾಟಿಕ್ ಕೊಡುವುದನ್ನೂ ಕಲಿಸಿದರು. ಓದು ಬರಹ ಬಾರದವರಿಗಾಗಿ ಮಣಿಗಳಿದ್ದ, ಒಂದು ನಿಮಿಷದ ಮರಳು ಗಡಿಯಾರವಿದ್ದ ಒಂದು ಸರಳ ಸಾಧನವನ್ನೇ ಮಾಡಿಕೊಂಡರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಫಲಿತಾಂಶ 1990ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು: ಈ ವ್ಯವಸ್ಥೆ ಇದ್ದ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸತ್ತ ಮಕ್ಕಳ ಪ್ರಮಾಣ ಪಕ್ಕದ ಹಳ್ಳಿಗಳ ಅರ್ಧಕ್ಕಿಂತ ಕಡಿಮೆ ಇತ್ತು.

ಇಂಜಿನಿಯರಿಂಗ್ ಓದಿದವನಾಗಿ ನನಗೆ ಇಷ್ಟವಾಗುವ ಡಿಸೈನ್ ಇದು. ಬಳಸುವವರ ಕೈ ನೋಡಿ ಮಾಡಿದ ಯಂತ್ರ.

2011ರಲ್ಲಿ ಪಾಕಿಸ್ತಾನದ ಹರಿಪುರ ಜಿಲ್ಲೆಯಿಂದ ಬಂದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಕ್ಕೆ ಸೆಳೆತ ಇರುವ ಮಕ್ಕಳನ್ನು ಆಸ್ಪತ್ರೆಗೆ ಓಡಿಸುವುದಕ್ಕಿಂತ, ಅಲ್ಲಿನ ಮಹಿಳಾ ಆರೋಗ್ಯ ಕಾರ್ಯಕರ್ತೆಯರೇ ಮನೆಯಲ್ಲಿ ಅಮಾಕ್ಸಿಸಿಲಿನ್ ಕೊಟ್ಟಾಗ ಚಿಕಿತ್ಸೆ ವಿಫಲವಾದದ್ದು ಕಡಿಮೆ. ಕಾರಣ ಸರಳ. ಆಸ್ಪತ್ರೆಗೆ ಹೋಗಿ ಅಂದವರೆಲ್ಲ ಹೋಗುವುದಿಲ್ಲ. ಬಸ್ಸಿಲ್ಲ, ದುಡ್ಡಿಲ್ಲ, ಕೂಲಿ ಹೋಗುತ್ತದೆ, ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ.

2014ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಅಪಾಯದ ಲಕ್ಷಣಗಳಿಲ್ಲದ, ವೇಗದ ಉಸಿರು ಅಥವಾ ಪಕ್ಕೆ ಸೆಳೆತ ಮಾತ್ರ ಇರುವ ಮಗುವಿಗೆ ಬಾಯಿಗೆ ಕೊಡುವ ಅಮಾಕ್ಸಿಸಿಲಿನ್ ಸಾಕು. ಅಪಾಯದ ಲಕ್ಷಣ ಇದ್ದರೆ ಮೊದಲ ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ಆ್ಯಂಪಿಸಿಲಿನ್ ಅಥವಾ ಪೆನಿಸಿಲಿನ್ ಜೊತೆ ಜೆಂಟಾಮೈಸಿನ್ ಇಂಜೆಕ್ಷನ್, ಅದಕ್ಕೆ ಬಗ್ಗದಿದ್ದರೆ ಸೆಫ್ಟ್ರಿಯಾಕ್ಸೋನ್.

ನಮ್ಮ ಕೇಂದ್ರ ಸರ್ಕಾರವೂ 2019ರ ನವೆಂಬರಿನಲ್ಲಿ 'ಸಾನ್ಸ್' ಎಂಬ ಅಭಿಯಾನ ಶುರು ಮಾಡಿ, ಆಶಾ ಕಾರ್ಯಕರ್ತೆಯರು ಆಸ್ಪತ್ರೆಗೆ ಕಳಿಸುವ ಮುನ್ನ ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಡಬಹುದು ಅಂತ ಹೇಳಿತು. ಕಾಗದದ ಮೇಲೆ ಚೆನ್ನಾಗಿದೆ. ಆ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಿದ್ದರು, ಬದುಕುವಷ್ಟು ಗೌರವಧನ ಕೊಡಿ ಅಂತ. ಮಗುವಿನ ಜೀವ ಉಳಿಸುವ ಮೊದಲ ಡೋಸ್ ಯಾರ ಕೈಯಲ್ಲಿದೆಯೋ ಅವರಿಗೆ ನಾವು ಸಂಬಳ ಅನ್ನುವ ಪದವನ್ನೂ ಕೊಟ್ಟಿಲ್ಲ.

ಆಕ್ಸಿಜನ್ ಕೂಡ ಔಷಧ

ಆ್ಯಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುತ್ತದೆ. ಆದರೆ ಅದು ಕೆಲಸ ಶುರು ಮಾಡುವವರೆಗೆ ಮಗು ಬದುಕಿರಬೇಕಲ್ಲ? ಕೀವು ತುಂಬಿದ ಶ್ವಾಸಕೋಶದಿಂದ ರಕ್ತಕ್ಕೆ ಆಕ್ಸಿಜನ್ ಸೇರುವುದಿಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 90ಕ್ಕಿಂತ ಕಡಿಮೆ ತೋರಿಸಿದರೆ ಆಕ್ಸಿಜನ್ ಕೊಡಲೇಬೇಕು. ಬರಿಗಣ್ಣಿಗೆ ಇದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಪಪುವಾ ನ್ಯೂಗಿನಿಯ ಐದು ಆಸ್ಪತ್ರೆಗಳಲ್ಲಿ ಆಕ್ಸಿಮೀಟರ್ ಮತ್ತು ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರಗಳನ್ನಿಟ್ಟು, ಬಳಸಲು ಕಲಿಸಿದಾಗ ನ್ಯುಮೋನಿಯಾ ಮಕ್ಕಳ ಸಾವಿನ ಅಪಾಯ ಶೇ. 35ರಷ್ಟು ಇಳಿಯಿತು. ಇದು 2008ರಲ್ಲಿ ಪ್ರಕಟವಾದ ಅಧ್ಯಯನ. ಹೊಸ ಔಷಧ ಬೇಕಾಗಲಿಲ್ಲ.

ಆಕ್ಸಿಜನ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಕನ್ನಡಿಗರಿಗೆ ವಿವರಿಸಬೇಕಿಲ್ಲ. 2021ರ ಮೇ ತಿಂಗಳ ಚಾಮರಾಜನಗರ ನಮಗೆ ನೆನಪಿದೆ. 24 ಜೀವ. ಅದು ಕೋವಿಡ್, ನಿಜ. ಆದರೆ ಕೋವಿಡ್‌ಗೆ ಮುಂಚೆಯೂ ಅದರ ನಂತರವೂ ಅದೇ ಆಕ್ಸಿಜನ್ನಿಗಾಗಿ ಕಾಯುವ ಮಕ್ಕಳಿದ್ದಾರೆ. ಅವರದ್ದು ಒಂದೇ ರಾತ್ರಿ 24 ಅಂತ ಆಗುವುದಿಲ್ಲ. ತಾಲ್ಲೂಕಿಗೆ ಒಂದು, ಎರಡು. ಹಾಗಾಗಿ ಬ್ರೇಕಿಂಗ್ ನ್ಯೂಸ್ ಆಗುವುದಿಲ್ಲ.

ಎರಡನೇ ಅಲೆಯ ನಂತರ ಪಿಎಂ ಕೇರ್ಸ್ ಹಣದಲ್ಲಿ ದೇಶಾದ್ಯಂತ 1,200ಕ್ಕೂ ಹೆಚ್ಚು ಆಕ್ಸಿಜನ್ ಉತ್ಪಾದನಾ ಘಟಕಗಳು ಕೂತವು. ಯಂತ್ರಕ್ಕೆ ಫಿಲ್ಟರ್ ಬದಲಿಸಬೇಕು, ಕರೆಂಟ್ ಬೇಕು, ನಡೆಸುವ ಟೆಕ್ನೀಷಿಯನ್ ಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯದ್ದು ಇವತ್ತು ಓಡುತ್ತಿದೆಯೇ? ಮಕ್ಕಳ ವಾರ್ಡಿಗೆ ಅದರ ಪೈಪ್ ಬಂದಿದೆಯೇ? ಮಕ್ಕಳ ಬೆರಳಿಗೆ ಹೊಂದುವ ಆಕ್ಸಿಮೀಟರ್ ಇದೆಯೇ? ಒಂದು ಆರ್‌ಟಿಐ ಅರ್ಜಿ ಹಾಕಿದರೆ ಈ ಮೂರೂ ಗೊತ್ತಾಗುತ್ತದೆ.

ಒಂದೇ ರೋಗಾಣು, ಎರಡು ಅಳತೆ

"ಈಗ ಪೆನಿಸಿಲಿನ್ ಎಲ್ಲಿ ನಡೆಯುತ್ತೆ ಬಿಡಿ" ಅನ್ನುವ ಮಾತು ಕೇಳಿರುತ್ತೀರಿ. ನ್ಯುಮೋಕಾಕಸ್ ವಿಷಯದಲ್ಲಿ ಇದು ಅರ್ಧ ನಿಜ.

ಪೆನಿಸಿಲಿನ್ ಕುಟುಂಬದ ಔಷಧಗಳು ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳಲು ಬಳಸುವ ಪ್ರೋಟೀನುಗಳಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ನ್ಯುಮೋಕಾಕಸ್ ಆ ಪ್ರೋಟೀನುಗಳ ಆಕಾರವನ್ನೇ ಸ್ವಲ್ಪ ಸ್ವಲ್ಪ ಬದಲಿಸಿಕೊಳ್ಳುತ್ತದೆ. ಇದು ಸ್ವಿಚ್ ಹಾಕಿ ಆರಿಸಿದಂತೆ ಅಲ್ಲ, ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಂತೆ. ಔಷಧದ ಪ್ರಮಾಣ ಏರಿಸಿದರೆ ಹಲವು ಸಲ ಅದು ಮತ್ತೆ ಮಣಿಯುತ್ತದೆ. ಶ್ವಾಸಕೋಶಕ್ಕೆ ರಕ್ತದ ಮೂಲಕ ಔಷಧ ಧಾರಾಳವಾಗಿ ತಲುಪುವುದರಿಂದ ನ್ಯುಮೋನಿಯಾಗೆ ಸರಿಯಾದ ಡೋಸಿನ ಅಮಾಕ್ಸಿಸಿಲಿನ್ ಇವತ್ತಿಗೂ ಒಳ್ಳೆಯ ಔಷಧ.

ಮಿದುಳಿನ ಕತೆ ಬೇರೆ. ಅಲ್ಲಿಗೆ ಔಷಧ ಸೋಸಿ ಸೋಸಿ ಹೋಗುತ್ತದೆ. ಹಾಗಾಗಿ ಶ್ವಾಸಕೋಶದಲ್ಲಿ ಪೆನಿಸಿಲಿನ್ನಿಗೆ ಬಗ್ಗುವ ಅದೇ ರೋಗಾಣು ಮಿದುಳಿನಲ್ಲಿ ಬಗ್ಗದೆ ಇರಬಹುದು. ಲ್ಯಾಬುಗಳೂ ಇದಕ್ಕೆ ಎರಡು ಬೇರೆ ಅಳತೆ ಇಟ್ಟುಕೊಂಡಿವೆ. ಮೆನಿಂಜೈಟಿಸ್ ಅನುಮಾನ ಬಂದರೆ ಸೆಫ್ಟ್ರಿಯಾಕ್ಸೋನ್, ಪ್ರತಿರೋಧದ ಭಯ ಇರುವಲ್ಲಿ ಜೊತೆಗೆ ವ್ಯಾಂಕೋಮೈಸಿನ್. ಇಲ್ಲಿ ಗಂಟೆಗಳಿಗೆ ಬೆಲೆ. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸುವುದು ಮುಖ್ಯವೇ, ಆದರೆ ಅದು ತಡವಾಗುತ್ತದೆ ಅಂತಿದ್ದರೆ ಔಷಧ ಕಾಯಬಾರದು.

ಇನ್ನು ಅಜಿತ್ರೋಮೈಸಿನ್. ಕೋವಿಡ್ ಕಾಲದಲ್ಲಿ ಮನೆಮನೆಯ ಡಬ್ಬಿಗೆ ಬಂದು ಕೂತ ಆ ಮೂರು ಮಾತ್ರೆ. ಏಷ್ಯಾದಲ್ಲಿ ನ್ಯುಮೋಕಾಕಸ್ ಈ ಗುಂಪಿನ ಔಷಧಗಳಿಗೆ ಬಹಳ ಮಟ್ಟಿಗೆ ಪ್ರತಿರೋಧ ಬೆಳೆಸಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದೆ. ಸುಮ್ಮನೆ ನೆಗಡಿಗೆ ಅಂಗಡಿಯಿಂದ ತಂದು ನುಂಗಿದ ಒಂದೊಂದು ಮಾತ್ರೆಯೂ ಮೂಗಿನಲ್ಲಿ ಸುಮ್ಮನಿದ್ದ ರೋಗಾಣುವಿಗೆ ಕೊಟ್ಟ ಟ್ರೇನಿಂಗ್. ಸೋಂಕನ್ನೇ ತಡೆಯುವ ಲಸಿಕೆ ಈ ದುರ್ಬಳಕೆಗೂ ಒಂದು ಕಡಿವಾಣ. ಕಾಯಿಲೆ ಬರದಿದ್ದರೆ ಮಾತ್ರೆ ಬೇಕಾಗುವುದಿಲ್ಲ.

ಸಕ್ಕರೆಗೆ ಪ್ರೋಟೀನ್ ಕಟ್ಟಿದ್ದು

ಈ ಲಸಿಕೆಯ ಚರಿತ್ರೆ ಶುರುವಾಗುವುದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ. ದೂರದ ಊರುಗಳಿಂದ ಕರೆತಂದ ಕಪ್ಪು ಕಾರ್ಮಿಕರನ್ನು ಇಕ್ಕಟ್ಟಿನ ವಸತಿಗಳಲ್ಲಿ ತುಂಬಿದ್ದರು. ನ್ಯುಮೋನಿಯಾ ಅವರನ್ನು ಸಾಲುಸಾಲಾಗಿ ಕೊಲ್ಲುತ್ತಿತ್ತು. 1911ರಲ್ಲಿ ಆಲ್ಮ್‌ರೋತ್ ರೈಟ್ ಅಲ್ಲಿ ಮೊದಲ ಲಸಿಕೆ ಪ್ರಯೋಗ ಮಾಡಿದ. 1970ರ ದಶಕದಲ್ಲಿ ರಾಬರ್ಟ್ ಆಸ್ಟ್ರಿಯನ್ ಅದೇ ಗಣಿ ಕಾರ್ಮಿಕರಲ್ಲಿ ಸಕ್ಕರೆ ಕವಚದ ಲಸಿಕೆ ಪರೀಕ್ಷಿಸಿದ. 1977ರಲ್ಲಿ ಅಮೆರಿಕದಲ್ಲಿ 14 ಬಗೆಗಳ ಲಸಿಕೆಗೆ ಪರವಾನಗಿ ಸಿಕ್ಕಿತು. ಯಾರ ಮೈಮೇಲೆ ಪ್ರಯೋಗ, ಯಾರಿಗೆ ಲಸಿಕೆ ಎಂಬ ಪ್ರಶ್ನೆ ಆಗಲೇ ಹುಟ್ಟಿತ್ತು.

ಆ ಲಸಿಕೆಗೆ ಒಂದು ದೊಡ್ಡ ಮಿತಿ ಇತ್ತು. ಎರಡು ವರ್ಷದೊಳಗಿನ ಮಕ್ಕಳ ದೇಹಕ್ಕೆ ಬರೀ ಸಕ್ಕರೆಯನ್ನು ಶತ್ರು ಅಂತ ಗುರುತಿಸಲು ಬರುವುದಿಲ್ಲ. ಹೆಚ್ಚು ಸಾಯುವವರು ಅವರೇ, ಲಸಿಕೆ ನಡೆಯದಿರುವುದೂ ಅವರಿಗೇ. ಪರಿಹಾರ ಸಿಕ್ಕಿದ್ದು ಸಕ್ಕರೆಗೆ ಒಂದು ಪ್ರೋಟೀನನ್ನು ರಾಸಾಯನಿಕವಾಗಿ ಕಟ್ಟಿದಾಗ. ಪ್ರೋಟೀನನ್ನು ಗುರುತಿಸುವ ಟಿ-ಕಣಗಳು ಎಚ್ಚರಗೊಂಡು ಅದರ ಬಾಲಕ್ಕಂಟಿದ ಸಕ್ಕರೆಯನ್ನೂ ನೆನಪಿಟ್ಟುಕೊಳ್ಳಲು ಸಹಾಯ ಮಾಡುತ್ತವೆ. ಇದೇ ಕಾಂಜುಗೇಟ್ ಲಸಿಕೆ, ಚಿಕ್ಕದಾಗಿ ಪಿಸಿವಿ. ಇದು ಮೂಗಿನಲ್ಲಿ ರೋಗಾಣು ಬೀಡುಬಿಡುವುದನ್ನೂ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ ಹಾಕಲು ಶುರು ಮಾಡಿದ ಮೇಲೆ ಲಸಿಕೆಯನ್ನೇ ಪಡೆಯದ ಅಜ್ಜ ಅಜ್ಜಿಯರಲ್ಲೂ ಗಂಭೀರ ಸೋಂಕು ಇಳಿಯಿತು.

2005ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಿಂದ ಬಂದ ಫಲಿತಾಂಶ ಬಡದೇಶಗಳ ಮಟ್ಟಿಗೆ ನಿರ್ಣಾಯಕವಾಯಿತು. 9 ಬಗೆಗಳ ಲಸಿಕೆ ಪಡೆದ ಮಕ್ಕಳಲ್ಲಿ ಎಕ್ಸ್‌ರೇಯಲ್ಲಿ ಕಾಣುವ ನ್ಯುಮೋನಿಯಾ ಶೇ. 37ರಷ್ಟು, ಎಲ್ಲ ಕಾರಣಗಳ ಒಟ್ಟು ಸಾವು ಶೇ. 16ರಷ್ಟು ಕಡಿಮೆ. ಒಂದೇ ಒಂದು ಲಸಿಕೆಯಿಂದ ಒಟ್ಟು ಮಕ್ಕಳ ಸಾವೇ ಇಳಿಯುವುದು ಸಣ್ಣ ಮಾತಲ್ಲ.

21 ವರ್ಷ ಎಲ್ಲಿ ಹೋದವು?

ಸಾಕ್ಷ್ಯ ಇತ್ತು. ಸಾಯುವ ಮಕ್ಕಳು ನಮ್ಮಲ್ಲೇ ಹೆಚ್ಚಿದ್ದರು. ಆದರೂ ಪಿಸಿವಿ ನಮ್ಮ ರಾಷ್ಟ್ರೀಯ ಪಟ್ಟಿಗೆ ಬರಲಿಲ್ಲ. ಪಾಕಿಸ್ತಾನ 2012ರಲ್ಲಿ, ನೇಪಾಳ ಮತ್ತು ಬಾಂಗ್ಲಾದೇಶ 2015ರಲ್ಲಿ ಶುರು ಮಾಡಿದವು.

ಒಂದು ಲೆಕ್ಕ ಮಾಡೋಣ. ಭಾರತದಲ್ಲಿ ವರ್ಷಕ್ಕೆ ಸುಮಾರು 2.5 ಕೋಟಿ ಮಕ್ಕಳು ಹುಟ್ಟುತ್ತಾರೆ ಅಂತಿಟ್ಟುಕೊಳ್ಳಿ. ತಲಾ ಮೂರು ಡೋಸ್ ಅಂದರೆ 7.5 ಕೋಟಿ ಡೋಸ್. ನಮ್ಮಕ್ಕ ಕೊಟ್ಟಂತೆ ಡೋಸಿಗೆ 3,000 ರೂಪಾಯಿ ಹಿಡಿದರೆ 22,500 ಕೋಟಿ. ಕೇಂದ್ರ ಆರೋಗ್ಯ ಇಲಾಖೆಯ ಆಗಿನ ವಾರ್ಷಿಕ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು. ಯಾವ ಸರ್ಕಾರವೂ ಅಂಗಡಿ ಬೆಲೆಗೆ ಕೊಳ್ಳುವುದಿಲ್ಲ, ಸರಿ. ಆದರೆ ಸಮಸ್ಯೆಯ ಗಾತ್ರ ಇದು.

ಬಡದೇಶಗಳಿಗೆ ಲಸಿಕೆ ಕೊಳ್ಳಲು ನೆರವಾಗುವ ಗಾವಿ ಒಕ್ಕೂಟ 2009ರಲ್ಲಿ ದಾನಿ ದೇಶಗಳ 150 ಕೋಟಿ ಡಾಲರ್ ಇಟ್ಟುಕೊಂಡು ಕಂಪನಿಗಳಿಗೆ ಒಂದು ಖಾತ್ರಿ ಕೊಟ್ಟಿತು: ಮೊದಲ ಡೋಸುಗಳಿಗೆ ತಲಾ 7 ಡಾಲರ್, ಆಮೇಲೆ 3.50 ಡಾಲರಿಗೆ ಮೀರದಂತೆ ಕೊಡಿ. ಇದರಿಂದ ಹಲವು ದೇಶಗಳಿಗೆ ಲಸಿಕೆ ಬೇಗ ಸಿಕ್ಕಿದ್ದು ನಿಜ. ಆದರೆ ತಯಾರಿಸುತ್ತಿದ್ದದ್ದು ಫೈಜರ್ ಮತ್ತು ಜಿಎಸ್‌ಕೆ ಎರಡೇ ಕಂಪನಿ. ಎರಡೇ ಅಂಗಡಿ ಇರುವ ಸಂತೆಯಲ್ಲಿ ಚೌಕಾಸಿ ಎಷ್ಟು ನಡೆದೀತು? 2016ರಲ್ಲಿ ಫೈಜರ್ 10 ಲಕ್ಷ ಡೋಸ್ ದಾನ ಕೊಡಲು ಬಂದಾಗ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಅದನ್ನು ನಿರಾಕರಿಸಿತು. ದಾನ ಬೇಡ, ಬೆಲೆ ಇಳಿಸಿ ಅನ್ನುವುದು ಅವರ ವಾದ. ಅದೇ ಸಂಸ್ಥೆ ಭಾರತದಲ್ಲಿ ಫೈಜರ್‌ನ 13 ಬಗೆಗಳ ಲಸಿಕೆಯ ಪೇಟೆಂಟ್ ಅರ್ಜಿಯನ್ನು ವಿರೋಧಿಸಿತು. 2017ರ ಆಗಸ್ಟಿನಲ್ಲಿ ನಮ್ಮ ಪೇಟೆಂಟ್ ಕಚೇರಿ ಫೈಜರ್‌ಗೇ ಪೇಟೆಂಟ್ ಕೊಟ್ಟಿತು.

ಅದೇ 2017ರ ಮೇ ತಿಂಗಳಲ್ಲಿ ಭಾರತ ಗಾವಿಯ ನೆರವಿನಿಂದ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲ ಜಿಲ್ಲೆಗಳಲ್ಲಿ ಪಿಸಿವಿ ಶುರು ಮಾಡಿತ್ತು. ಮುಂದೆ ಮಧ್ಯಪ್ರದೇಶ, ರಾಜಸ್ಥಾನ ಸೇರಿದವು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ.

ದಾರಿ ತೆರೆದದ್ದು ಪುಣೆಯಿಂದ. ಸೀರಂ ಇನ್‌ಸ್ಟಿಟ್ಯೂಟ್, ಪಾತ್ ಎಂಬ ಲಾಭರಹಿತ ಸಂಸ್ಥೆ ಮತ್ತು ಗೇಟ್ಸ್ ಫೌಂಡೇಶನ್ ನೆರವಿನೊಂದಿಗೆ 10 ಬಗೆಗಳ 'ನ್ಯುಮೋಸಿಲ್' ತಯಾರಿಸಿತು. ಏಷ್ಯಾ, ಆಫ್ರಿಕಾಗಳಲ್ಲಿ ಹೆಚ್ಚು ಕಾಡುವ ಬಗೆಗಳನ್ನೇ ಆರಿಸಿಕೊಂಡಿದ್ದರು. ಅದರ ದೊಡ್ಡ ಪರೀಕ್ಷೆ ನಡೆದದ್ದೂ ಗ್ಯಾಂಬಿಯಾದಲ್ಲೇ. 2019ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಗಾವಿಗೆ ಬೆಲೆ ಡೋಸಿಗೆ ಸುಮಾರು 2 ಡಾಲರ್. ಈಗ ಮತ್ತೆ ಲೆಕ್ಕ ಹಾಕಿ. 7.5 ಕೋಟಿ ಡೋಸಿಗೆ ತಲಾ 150 ರೂಪಾಯಿ ಅಂದರೆ 1,125 ಕೋಟಿ. ಅಸಾಧ್ಯವಾಗಿದ್ದದ್ದು ಸಾಧ್ಯವಾಯಿತು.

2021ರ ಫೆಬ್ರವರಿ 1ರಂದು ಬಜೆಟ್ ಮಂಡಿಸುತ್ತ, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಐದು ರಾಜ್ಯಗಳಿಗೆ ಸೀಮಿತವಾಗಿದ್ದ ಈ ಲಸಿಕೆಯನ್ನು ಇಡೀ ದೇಶಕ್ಕೆ ಕೊಡುವುದಾಗಿ, ಇದರಿಂದ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪುವುದಾಗಿ ಹೇಳಿದರು. ಆ ವರ್ಷದ ಅಕ್ಟೋಬರ್ 29ರಂದು ರಾಷ್ಟ್ರವ್ಯಾಪಿ ವಿಸ್ತರಣೆಗೆ ಚಾಲನೆ ಸಿಕ್ಕಿತು. ಒಳ್ಳೆಯ ಕೆಲಸ, ಒಪ್ಪಲೇಬೇಕು. ಆದರೆ ವರ್ಷಕ್ಕೆ 50 ಸಾವಿರ ಅನ್ನುವುದು ಸರ್ಕಾರದ್ದೇ ಅಂಕಿ. ತಡವಾದ ಒಂದೊಂದು ವರ್ಷಕ್ಕೂ ಅದೇ ಅಂಕಿಯನ್ನು ಹಿಂದಕ್ಕೆ ಗುಣಿಸಿ ನೋಡಿದರೆ ಏನು ಬರುತ್ತದೆ?

ಒಂದು ಮಾತು ಸೇರಿಸಬೇಕು. ಇದು 'ಖಾಸಗಿ ಕಂಪನಿಯ ಗೆಲುವು' ಅಷ್ಟೇ ಅಂತ ಓದಿಕೊಳ್ಳಬೇಡಿ. ಒಬ್ಬನೇ ಮಾರಾಟಗಾರನನ್ನು ನಂಬಿಕೊಂಡರೆ ನಾಳೆ ಬೆಲೆ ಯಾರ ಕೈಯಲ್ಲಿರುತ್ತದೆ ಅನ್ನುವ ಪ್ರಶ್ನೆ ದೇಶಿ ಕಂಪನಿಗೂ ಅನ್ವಯಿಸುತ್ತದೆ.

ಪಟ್ಟಿಯ ಹೊರಗೆ ಉಳಿದವರು

ಈಗ ಸರ್ಕಾರಿ ಪಟ್ಟಿಯಲ್ಲಿ ಪಿಸಿವಿ ಇದೆ. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳಿಗೆ ಬೂಸ್ಟರ್. ಪೂರ್ತಿ ಉಚಿತ. ಆದರೆ ಮೂರೂ ಸಲ ಮಗು ಒಂದೇ ಊರಿನಲ್ಲಿ ಇರಬೇಕಲ್ಲ? ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಾಫಿ ತೋಟಕ್ಕೆ ಗುಳೆ ಹೋಗುವ ತಾಯಿಯ ಮಗು ಮೊದಲ ಡೋಸ್ ಒಂದು ಜಿಲ್ಲೆಯಲ್ಲಿ ಪಡೆದು ಬೂಸ್ಟರ್ ಹೊತ್ತಿಗೆ ಇನ್ನೊಂದರಲ್ಲಿರುತ್ತದೆ. ಯು-ವಿನ್ ಆ್ಯಪ್ ದಾಖಲೆಯನ್ನು ಊರಿಂದೂರಿಗೆ ಸಾಗಿಸಬಲ್ಲದು. ಭಟ್ಟಿಯ ಬಾಗಿಲಿಗೆ ಎಎನ್‌ಎಂ ಬರದಿದ್ದರೆ ಆ್ಯಪ್ ಏನು ಮಾಡೀತು?

ಎರಡನೆಯವರು ಸಿಕಲ್ ಸೆಲ್ ಕಾಯಿಲೆಯ ಮಕ್ಕಳು. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಹಾಡಿಗಳಲ್ಲಿ ಈ ಕಾಯಿಲೆ ಇದೆ. ರಕ್ತವನ್ನು ಸೋಸಿ ಕವಚಧಾರಿ ರೋಗಾಣುಗಳನ್ನು ಹಿಡಿಯುವ ಗುಲ್ಮ ಇವರಲ್ಲಿ ಬಾಲ್ಯದಲ್ಲೇ ಹಾಳಾಗುತ್ತದೆ. ಬೆಳಗ್ಗೆ ಜ್ವರ ಬಂದ ಮಗು ಸಂಜೆಗೆ ಇರದಿರಬಹುದು. 1986ರಲ್ಲಿ ಅಮೆರಿಕದ ಮರಿಲಿನ್ ಗ್ಯಾಸ್ಟನ್ ನೇತೃತ್ವದ ಅಧ್ಯಯನ, ಇಂಥ ಪುಟ್ಟ ಮಕ್ಕಳಿಗೆ ದಿನಕ್ಕೆ ಎರಡು ಸಲ ಪೆನಿಸಿಲಿನ್ ಕೊಟ್ಟರೆ ನ್ಯುಮೋಕಾಕಸ್ ಸೋಂಕು ಶೇ. 84ರಷ್ಟು ಇಳಿಯುತ್ತದೆ ಅಂತ ತೋರಿಸಿತು. 2023ರಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರು ಮಾಡಿದೆ. ರಕ್ತಪರೀಕ್ಷೆ ಮಾಡಿ ಬಣ್ಣದ ಕಾರ್ಡ್ ಕೊಟ್ಟರೆ ಮುಗಿಯಲಿಲ್ಲ. ಹಾಡಿಯ ಹತ್ತಿರದ ಪಿಎಚ್‌ಸಿಯಲ್ಲಿ ಪೆನಿಸಿಲಿನ್ ಮಾತ್ರೆ ತಿಂಗಳು ತಪ್ಪದೆ ಸಿಗುತ್ತದೆಯೇ ಅನ್ನುವುದೇ ಅಸಲಿ ಪರೀಕ್ಷೆ.

ಮೂರನೆಯವರು ದೊಡ್ಡವರು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕಿಡ್ನಿ, ಲಿವರ್, ಹೃದಯದ ತೊಂದರೆಯವರು, ಬೀಡಿ ಸಿಗರೇಟಿನಿಂದ ಶ್ವಾಸಕೋಶ ಸವೆಸಿಕೊಂಡವರು, ಎಚ್‌ಐವಿ ಇರುವವರು, ಗುಲ್ಮ ತೆಗೆಸಿಕೊಂಡವರು. ನೆದರ್‌ಲ್ಯಾಂಡ್ಸ್‌ನಲ್ಲಿ 84 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆಯಲ್ಲಿರುವ ಬಗೆಗಳಿಂದ ಬರುವ ನ್ಯುಮೋನಿಯಾ ಸುಮಾರು ಶೇ. 46ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ದೊಡ್ಡವರ ಲಸಿಕೆ ಇನ್ನೂ ಆ ಬಣ್ಣದ ಪುಸ್ತಕದ ಎರಡನೇ ಪಟ್ಟಿಯಲ್ಲೇ ಇದೆ. ದುಡ್ಡಿದ್ದರೆ ಆಪ್ಷನ್.

ಕೊನೆಯದಾಗಿ ಕಣ್ಗಾವಲು. ಲಸಿಕೆ ಹತ್ತು ಬಗೆಗಳನ್ನು ತಡೆದರೆ ಉಳಿದ ಬಗೆಗಳು ಆ ಜಾಗಕ್ಕೆ ಬರಬಹುದು, ಬೇರೆ ದೇಶಗಳಲ್ಲಿ ಬಂದಿವೆ. ಅದಕ್ಕೇ ಯಾವ ಬಗೆ ಎಲ್ಲಿ ಓಡಾಡುತ್ತಿದೆ ಅಂತ ನೋಡುತ್ತಲೇ ಇರಬೇಕು. ಬೆಂಗಳೂರಿನ ಕಿಮ್ಸ್‌ನ ಕೇಂದ್ರ ಸಂಶೋಧನಾ ಪ್ರಯೋಗಾಲಯ, ವೆಲ್ಲೂರಿನ ಸಿಎಂಸಿ ಈ ಕೆಲಸ ಮಾಡಿಕೊಂಡು ಬಂದಿವೆ. ಜಿಲ್ಲಾಸ್ಪತ್ರೆಗಳಲ್ಲಿ ಔಷಧ ಕೊಡುವ ಮುನ್ನ ರಕ್ತದ ಮಾದರಿ ತೆಗೆಯುವ ಅಭ್ಯಾಸ, ಅದನ್ನು ಬೆಳೆಸುವ ಲ್ಯಾಬ್ ಇದ್ದರೆ ಮಾತ್ರ ಇಂಥ ಸಂಸ್ಥೆಗಳಿಗೆ ಇಡೀ ರಾಜ್ಯದ ಚಿತ್ರ ಸಿಗುತ್ತದೆ.

ನಾವು ಮಾಡಬಹುದಾದ್ದು

ಮನೆಯಲ್ಲಿ ಕೂಸಿದ್ದರೆ ತಾಯಿ ಕಾರ್ಡ್ ತೆಗೆದು ಪಿಸಿವಿ ಸಾಲಿನಲ್ಲಿ ಮೂರು ದಿನಾಂಕ ಇದೆಯೇ ನೋಡಿ. ತಪ್ಪಿದ್ದರೆ ಎಎನ್‌ಎಂ ಬಳಿ ಕೇಳಿ, ನಾಚಿಕೊಳ್ಳಬೇಡಿ. ಮೊದಲ ಆರು ತಿಂಗಳು ಬರೀ ಎದೆಹಾಲು, ಹೊಗೆಯಿಲ್ಲದ ಅಡುಗೆಮನೆ, ಹೊಟ್ಟೆ ತುಂಬ ಊಟ ಇವೂ ನ್ಯುಮೋನಿಯಾ ತಡೆಯುವ ಮದ್ದುಗಳೇ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ, ದಮ್ಮು ಇದ್ದರೆ ಈ ಲಸಿಕೆಯ ಬಗ್ಗೆ ಅವರ ಡಾಕ್ಟರ್ ಜೊತೆ ಮಾತಾಡಿ.

ಇದಿಷ್ಟು ಮನೆಯ ಕೆಲಸ. ಬೀದಿಯ ಕೆಲಸವೂ ಇದೆ. ಚುನಾವಣೆ ಬಂದಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಭರವಸೆ ಎಲ್ಲರೂ ಕೊಡುತ್ತಾರೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಅಮಾಕ್ಸಿಸಿಲಿನ್ ಇದೆಯೇ, ಅವಳಿಗೆ ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತದೆಯೇ, ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಇದೆಯೇ, ಬಡ ಹಿರಿಯರಿಗೆ ಲಸಿಕೆ ಯಾವಾಗ ಅಂತ ಕೇಳುವವರು ಬೇಕು.

ಅಕ್ಕನ ಅಪಾರ್ಟ್‌ಮೆಂಟಿನ ಆ ವಾಚ್‌ಮನ್ ಕುಟುಂಬ ಈಗಲೂ ಅಲ್ಲೇ ಇದೆ. 2016ರ ಮಗು ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಾನೆ. ಅದು ಅದೃಷ್ಟ. 2022ರಲ್ಲಿ ಹುಟ್ಟಿದ ತಂಗಿಯ ಕಾರ್ಡಿನಲ್ಲಿ ಪಿಸಿವಿಯ ಮೂರೂ ದಿನಾಂಕ ಇವೆ. ಅದು ಹಕ್ಕು. ಊರಿನಿಂದ ಬಂದಿರುವ ಅವರ ಅಜ್ಜಿಗೆ ಸಕ್ಕರೆ ಕಾಯಿಲೆ, ವರ್ಷವಿಡೀ ದಮ್ಮು. ಹೋದ ತಿಂಗಳು ಆ ತಾಯಿ ಮತ್ತೆ ಕೇಳಿದಳು: "ಸರ, ನಮ್ಮ ಅತ್ತಿಗೂ ಆ ಸೂಜಿ ಸರ್ಕಾರಿ ದವಾಖಾನ್ಯಾಗ ಸಿಗತದೇನ್ರಿ?"

ಇಲ್ಲ ಅಂದೆ. ಈ ಸಲ ಆಪ್ಷನಲ್ ಅಂತ ಮಾತ್ರ ಹೇಳಲಿಲ್ಲ.